ಹಣ್ಣುನೊಣಗಳ ಕೆಂಪು ಕಣ್ಣಿನ ಬಗ್ಗೆ ಒಂದು ಅಹವಾಲು

ನವನಗರ, ಡಿಸೆಂಬರ್ ೧೯೯೮

ನಮ್ಮ ಅಡುಗೆಮನೆಯ ಕಪಾಟನ್ನು ಸ್ವಂತ ಮನೆ ಮಾಡಿಕೊಂಡಿರುವ ಹಣ್ಣುನೊಣ ಮಹಾಶಯರಿಗೂ, ಅವರ ಅಪಾರ ಬಂಧುಬಳಗಕ್ಕೂ ಟೈಟಸನ ಸವಿನಯ ವಂದನೆಗಳು.

ಮಾನ್ಯರೇ,

ತಮ್ಮ ಕ್ಷೇಮಸಮಾಚಾರ ವಿಚಾರಿಸುವ ಅಗತ್ಯವಿಲ್ಲ. ನಾನು ಬಾಯಿ ತೆರೆದಾಗಲೆಲ್ಲ ತಮ್ಮಲ್ಲೊಬ್ಬರು ಖುದ್ದಾಗಿ ಒಳಗೆ ಬಂದು ತಿಳಿಸುತ್ತಿದ್ದಾರೆ.

ಕ್ರಿಸ್‌ಮಸ್ಸಿನ ವೈನಿಗೆಂದು ನಾನು ಆ ಕಪಾಟಿನಲ್ಲಿ ಕಪ್ಪು ದ್ರಾಕ್ಷಿ, ಸಕ್ಕರೆ ಕೂಡಿಸಿ ಭರಣಿ ಇಟ್ಟಿರುವುದೂ, ಅದೀಗ ಹುದುಗು ಬಂದು ಬುಸುಗುಡುತ್ತಿರುವುದೂ ತಮಗೆ ಗೊತ್ತು. ನಾನು ನಮ್ಮ ಚರ್ಚಿನ ಸಭೆಯ ಪಾನವಿರೋಧಿ ಸಮಿತಿಯ ಅಧ್ಯಕ್ಷನೆಂಬುದೂ ಗೊತ್ತಿದ್ದರೆ ಚೆನ್ನಾಗಿತ್ತು. ಆ ಪದವಿ ಹೋದರೆ ಈ ಊರಿನಲ್ಲಿ ನನ್ನನ್ನು ಮಾತಾಡಿಸುವವರು ಯಾರೂ ಇಲ್ಲ.

ಮೊನ್ನೆ ಸಭಾಪಾಲಕರಾದ ಪಾಲ್ ಅವರು ಪತ್ನಿ ಅನ್ನಾ ಅವರೊಡನೆ ಹಬ್ಬದ ಪ್ರಾರ್ಥನೆಗೆ ಬಂದಾಗ ತಾವು ಸ್ವಾಗತ ಸಮಿತಿಯಂತೆ ಅವರ ಬೋಳುತಲೆಯನ್ನು ಸುತ್ತಿ, ಸೀದಾ ಕಪಾಟಿನ ಕಡೆ ದಾರಿ ತೋರಿಸಿದಿರಿ. ಮೋರಿಯ ನೊಣವೆಂದು ಹೇಳಿ ನಾನು ಮಾನ ಮುಚ್ಚಿಕೊಂಡೆ. ಆದರೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ನನ್ನ ಮಗಳು ಜೆಸ್ಲಿನ್ ಭೂತಗನ್ನಡಿ ತಂದಳು. ಮೋರಿಯ ನೊಣಕ್ಕೆ ರೆಕ್ಕೆಯ ತುಂಬ ಕೂದಲಿರಬೇಕಂತೆ. ಹಾಗಾದರೆ ಹೂಕುಂಡದ ಹಸಿಮಣ್ಣಿನದಿರಬೇಕು ಎಂದೆ. ಅದು ಕಪ್ಪಗೆ, ಸಣಕಲಾಗಿ, ಉದ್ದಕಾಲಿನದಂತೆ. ತಮ್ಮದೋ ಹಳದಿಗಂದು ಮೈ, ತಿಳಿಯಾದ ರೆಕ್ಕೆ, ಎದ್ದು ಕಾಣುವ ಕೆಂಪು ಕಣ್ಣು. ಹಿಂಭಾಗದ ತುದಿ ಕಪ್ಪಗಿರುವವರು ಗಂಡಸರೆಂದೂ, ಪಾಲ್ ಅವರ ತಲೆಯ ಮೇಲೆ ಕೂತವರು ಹೆಚ್ಚಾಗಿ ಹೆಂಗಸರೆಂದೂ ಅವಳು ವಿವರಿಸಿದಳು. ಕೊನೆಗೆ, "ಪಪ್ಪಾ, ಇವು ಹುಳಿ ಬಂದ ಹಣ್ಣು ಇದ್ದಲ್ಲೇ ಸೇರತಾವ" ಎಂದಳು. ಅನ್ನಾ ಅವರು ಕಪಾಟನ್ನು ನೋಡಿದರು. ನಾನು ಕಪಾಟಿಗೆ ಬೆನ್ನು ಕೊಟ್ಟು ನಿಂತು, ಪ್ರಾರ್ಥನೆ ಶುರು ಮಾಡೋಣವೆಂದೆ.

ಆದಕಾರಣ, ಅತಿಥಿಗಳು ಬಂದಾಗ ತಾವು ದಯಮಾಡಿ ರೆಕ್ಕೆಗೆ ಒಂದಿಷ್ಟು ಕೂದಲು ಬೆಳೆಸಿಕೊಳ್ಳಬೇಕು. ಅದಾಗದಿದ್ದರೆ ಕಾಲು ಉದ್ದ ಮಾಡಿಕೊಂಡು ಹೂಕುಂಡದ ಮೇಲೆ ಗಂಭೀರವಾಗಿ ಕೂರಬೇಕು. ಅದೂ ಕಷ್ಟವಾದರೆ ಕಣ್ಣು ಮುಚ್ಚಿಕೊಂಡಾದರೂ ಹಾರಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಪಾಲ್ ಅವರು ಮಾತ್ರ ಸಿಟ್ಟಾಗಲಿಲ್ಲ. ಹೊರಡುವಾಗ ಗೇಟಿನ ಹತ್ತಿರ ನನ್ನ ಕೈ ಹಿಡಿದು, "ಟೈಟಸ್ ಅವ್ರ, ಇಂಥಾವು ನಮ್ಮ ಮನ್ಯಾಗೂ ಅದಾವ್ರಿ. ನಾನೂ ಮನಿಯಾಕಿಗೆ ಮೋರಿವು ಅಂತನ ಹೇಳೇನಿ" ಎಂದು ಪಿಸುಗುಟ್ಟಿದರು. ನನಗೆ ಹೋದ ಜೀವ ಬಂದಂತಾಯಿತು.

ತಮ್ಮ ವಿಶ್ವಾಸಿ,
ಟೈಟಸ್
ಅಧ್ಯಕ್ಷ, ಪಾನವಿರೋಧಿ ಸಮಿತಿ (ಇನ್ನೂ)

ತಾ.ಕ.: ಆ ಪಿಸುಮಾತು ಅನ್ನಾ ಅವರಿಗೂ ಕೇಳಿಸಿದೆ. ಪಾಲ್ ದಂಪತಿಯ ಮನೆಯ ನೊಣಗಳನ್ನೂ ಸ್ವಲ್ಪ ನೋಡಿ ಹೇಳಲೆಂದು ನಾಳೆ ಜೆಸ್ಲಿನ್‌ಳನ್ನು ಚಹಾಕ್ಕೆ ಕರೆದಿದ್ದಾರೆ. ಅಲ್ಲಿರುವ ತಮ್ಮ ನೆಂಟರಿಗೆ ಲಗುಬಗೆಯಿಂದ ಸುದ್ದಿ ಮುಟ್ಟಿಸಿ. ಅವರಿಗಾದರೆ ಹಾರಿಹೋಗಲು ರೆಕ್ಕೆಯಿದೆ, ಪಾಲ್ ಅವರಿಗಿಲ್ಲ.