ನಲ್ಲಿ ಮಾತಾಡಿಸುವ ಅತ್ತೆ

ನಮ್ಮತ್ತೆ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಮನೆಯವರನ್ನಲ್ಲ, ನಲ್ಲಿಗಳನ್ನು. ನಂಬುವುದಿಲ್ಲವೇ? ಒಮ್ಮೆ ನಿಮ್ಮ ಮನೆಗೆ ಕರೆದು ನೋಡಿ. ಕಾಲು ತೊಳೆಯಲು ಹೋದವರು ಕಾಫಿ ಆರಿ ತಣ್ಣಗಾದರೂ ಬರುವುದಿಲ್ಲ. ಹೋಗಿ ನೋಡಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಮ್ಮ ಸಿಂಕಿನ ಕೆಳಗೆ ಕೂತಿರುತ್ತಾರೆ!

ಹಾಗಂತ ಅವರೇನು ಆ ಕೆಲಸ ಕಲಿತವರಲ್ಲ. ಯಲ್ದೂರು ಕಡೆಯ ಮಾವಿನ ತೋಟದವರ ಮಗಳು. ಬಾವಿಯಲ್ಲಿ ಸೇದಿ, ಕೊಡ ಹೊತ್ತು ಬೆಳೆದವರು. ಮದುವೆಯಾಗಿ ಶ್ರೀನಿವಾಸಪುರದ ಈ ಮಹಡಿ ಮನೆಗೆ ಬಂದಾಗ, ತಿರುಗಿಸಿದರೆ ನೀರು ಬೀಳುವ ನಲ್ಲಿ ಕಂಡು ಆದ ಬೆರಗು ಇನ್ನೂ ಇಳಿದಿಲ್ಲ ಅಷ್ಟೆ. ಮನೆ ಹಳೆಯದು, ಗೋಡೆಯೊಳಗೆ ಹುದುಗಿದ ಕಬ್ಬಿಣದ ಪೈಪುಗಳೂ ಹಳೆಯವು. ಒಂದಲ್ಲ ಒಂದು ಕಡೆ ಸೋರುತ್ತಲೇ ಇರುತ್ತಿದ್ದವು. ಹೀಗಾಗಿ ಅತ್ತೆಗೆ ಕೆಲಸದ ಬರ ಬಂದದ್ದೇ ಇಲ್ಲ.

ನನ್ನನ್ನು ನೋಡಲು ಮಾಲೂರಿಗೆ ಬಂದ ದಿನವೇ ನನಗಿದು ತಿಳಿಯಬೇಕಿತ್ತು. ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂಬ ಪ್ರಶ್ನೆಗಳಿಗೆಲ್ಲ ಅಮ್ಮ ನನ್ನನ್ನು ತಯಾರು ಮಾಡಿ ಕೂರಿಸಿದ್ದಳು. ಕೈ ತೊಳೆದು ಬಂದ ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, “ಏನಮ್ಮಾ, ನಿಮ್ಮನೇಲಿ ಗೇಟ್‌ವಾಲ್ ಎಲ್ಲೈತೆ?” ಎಂದರು. ನಾನು ಅಪ್ಪನ ಮುಖ ನೋಡಿದೆ, ಅಪ್ಪ ಅಮ್ಮನ ಮುಖ ನೋಡಿದರು, ಅಮ್ಮ ಕೇಸರಿಬಾತಿನ ತಟ್ಟೆ ನೋಡಿದಳು. ಇಡೀ ಮನೆಯ ನೀರನ್ನು ಒಂದೇ ಸಲಕ್ಕೆ ನಿಲ್ಲಿಸುವ ಆ ಚಕ್ರ ಎಲ್ಲಿದೆಯೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಅತ್ತೆಯೇ ಹಿತ್ತಲಿಗೆ ಹೋಗಿ, ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಕೆದಕಿ ಅದನ್ನು ಪತ್ತೆ ಹಚ್ಚಿದರು. ಬಿಗಿದುಕೊಂಡಿದ್ದ ಚಕ್ರಕ್ಕೆ ಎಣ್ಣೆ ಬಿಟ್ಟು ತಿರುಗಿಸಿ, ಆಗಾಗ ತಿರುಗಿಸದಿದ್ದರೆ ಬೇಕಾದಾಗ ಕೈ ಕೊಡುತ್ತದೆ ಎಂದು ಅಪ್ಪನಿಗೆ ಬುದ್ಧಿ ಹೇಳಿ, ಸಂಬಂಧ ಒಪ್ಪಿಗೆ ಎಂದು ಹೊರಟುಬಿಟ್ಟರು. ನನ್ನ ಮುಖವನ್ನು ಸರಿಯಾಗಿ ನೋಡಿದರೋ ಇಲ್ಲವೋ ಎಂಬ ಅನುಮಾನ ಅಮ್ಮನಿಗೆ ಇವತ್ತಿಗೂ ಇದೆ.

ನಮ್ಮ ಕಡೆಯ ಬೋರ್‌ವೆಲ್ ನೀರು ನಿಮಗೆ ಗೊತ್ತಲ್ಲ? ನಲ್ಲಿಯ ಬಾಯಿಗೆ ಬಿಳಿ ಉಪ್ಪು ಕಟ್ಟಿ, ಷವರಿನ ತೂತುಗಳೆಲ್ಲ ಮುಚ್ಚಿ, ಬಿಟ್ಟ ನೀರು ತಲೆಯ ಮೇಲೆ ಬೀಳುವ ಬದಲು ಎದುರು ಗೋಡೆಗೆ ಸ್ನಾನ ಮಾಡಿಸುತ್ತದೆ. ಅತ್ತೆ ಇದಕ್ಕೆ ಕಂಡುಕೊಂಡ ಮದ್ದು ಹುಳಿ ಮಾವಿನಕಾಯಿ. ಕಾಯಿ ರುಬ್ಬಿ, ಪ್ಲಾಸ್ಟಿಕ್ ಕವರಿಗೆ ತುಂಬಿ, ಷವರಿನ ಮೂತಿ ಅದರಲ್ಲಿ ಮುಳುಗುವಂತೆ ದಾರದಲ್ಲಿ ಕಟ್ಟುತ್ತಾರೆ. ಒಂದು ಹಗಲು ಬಿಟ್ಟು ಉಜ್ಜಿದರೆ ಉಪ್ಪೆಲ್ಲ ಬಿಟ್ಟುಕೊಳ್ಳುತ್ತದೆ. ಒಮ್ಮೆ ನನ್ನ ಗಂಡನ ಸ್ನೇಹಿತರೊಬ್ಬರು ಬಚ್ಚಲಿಗೆ ಹೋಗಿ ಬಂದು, ಇದು ಯಾವ ದೇವರ ಹರಕೆ ಎಂದು ಮೆಲ್ಲಗೆ ಕೇಳಿದರು. ಯಾವುದಕ್ಕೂ ಇರಲಿ ಎಂದು ಕೈ ಮುಗಿದು ಬಂದಿದ್ದರಂತೆ!

ಮುಳಬಾಗಿಲಿನ ಮದುವೆಯ ಕಥೆ ಇನ್ನೂ ಘನವಾದದ್ದು. ಛತ್ರದಲ್ಲಿ ಕೈ ತೊಳೆಯುವ ಕಡೆ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಅತ್ತೆಯ ವ್ಯಾನಿಟಿ ಬ್ಯಾಗಿನಲ್ಲಿ ಕುಂಕುಮ ಇಲ್ಲದಿದ್ದರೂ ವಾಷರ್ ಇರುತ್ತದೆ. ಛತ್ರದ ಮೇನ್ ವಾಲ್ವ್ ಹುಡುಕಿ ಬಂದ್ ಮಾಡಿದರು, ವಾಷರ್ ಬದಲಾಯಿಸಿದರು, ಅಷ್ಟರಲ್ಲಿ ಧಾರೆಗೆ ಕರೆದರೆಂದು ಓಡಿದರು. ವಾಲ್ವ್ ಮರೆತೇಹೋಯಿತು. ಅಡುಗೆಯವರು ಅನ್ನಕ್ಕೆ ನೀರಿಲ್ಲದೆ ಕೂತರು. ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ಬೈದರು, ಅವರು ಛತ್ರದವರನ್ನು ಬೈದರು. ಎಲ್ಲರಿಗಿಂತ ಜೋರಾಗಿ ಬೈದವರು ನಮ್ಮತ್ತೆ. ಇಂಥ ಛತ್ರಕ್ಕೆ ಯಾಕೆ ಬರುತ್ತೀರೆಂದು ಬೈಯುತ್ತಿದ್ದವರು ಅರ್ಧದಲ್ಲಿ ಮಾತು ನಿಲ್ಲಿಸಿ, ಗಕ್ಕನೆ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ನೀರು ಬಂತು. ಗಂಡಿನ ತಾಯಿ ಅತ್ತೆಯ ಎರಡೂ ಕೈ ಹಿಡಿದು, ನೀವಿಲ್ಲದಿದ್ದರೆ ನಮ್ಮ ಮಾನ ಹೋಗುತ್ತಿತ್ತು ಎಂದರು. ಅತ್ತೆ ಇಲ್ಲವೆನ್ನಲಿಲ್ಲ.

ಆದರೆ ಹೋದ ಬೇಸಿಗೆಯಲ್ಲಿ ಮನೆಯ ಪೈಪುಗಳು ಅತ್ತೆಯನ್ನೂ ಸೋಲಿಸಿದವು. ದೇವರಮನೆಯ ಗೋಡೆಗೆ ತೇವ ಏರಿ, ಸುಣ್ಣ ಉದುರಿ, ಕೊನೆಗೆ ಸ್ವಿಚ್‌ಬೋರ್ಡಿನ ತನಕ ಬಂತು. ಒಂದು ದಿನ ದೀಪ ಹಾಕಲು ಹೋದ ನನ್ನ ಗಂಡನಿಗೆ ಶಾಕ್ ಹೊಡೆದು, ಅವರು ಎದುರು ಗೋಡೆಗೆ ಒರಗಿ ಕೂತುಬಿಟ್ಟರು. ಹೆಚ್ಚೇನೂ ಆಗಲಿಲ್ಲ. ಮಾರನೆಯ ದಿನವೇ ಆಂಧ್ರದ ಗಡಿಯ ನಂಗಲಿ ಕಡೆಯ ಪ್ಲಂಬರ್ ಬಂದ. ಪೈಪುಗಳನ್ನೆಲ್ಲ ಕಿತ್ತು ಪ್ಲಾಸ್ಟಿಕ್ಕಿನದು ಹಾಕಬೇಕೆಂದ. ಅತ್ತೆ ಒಪ್ಪಲಿಲ್ಲ. ಸೋರುತ್ತಿರುವುದು ಒಂದೇ ತಿರುವು, ಒಂದು ಟೈಲ್ಸ್ ಒಡೆದರೆ ಸಾಕು ಎಂದು ಪಕ್ಕದ ಬಚ್ಚಲಿನ ಗೋಡೆ ತೋರಿಸಿದರು. ಒಡೆದ. ಅಲ್ಲಿ ಪೈಪು ಸೋರುತ್ತಿರಲಿಲ್ಲ. ಅತ್ತೆ ಅವನ ತೆಲುಗಿನಲ್ಲೇ, “ಇದಿ ಕಾದು, ದೀನಿ ಪಕ್ಕದಿ” ಎಂದರು. ಪಕ್ಕದ್ದನ್ನೂ ಒಡೆದ. ಅದೂ ಅಲ್ಲವಂತೆ, ಅದರ ಪಕ್ಕದ್ದಂತೆ. ಹೀಗೆ ಪಕ್ಕ ಪಕ್ಕವೆಂದು ಗೋಡೆಯ ಈ ತುದಿಯಿಂದ ಆ ತುದಿಗೆ ತಲುಪಿದಾಗ, ಅವನು ಸುಮ್ಮನೆ ಸ್ಪ್ಯಾನರಿನಿಂದ ಪೈಪನ್ನು ತಟ್ಟಿದ. ಅದು ಹಪ್ಪಳದಂತೆ ಪುಡಿಪುಡಿಯಾಗಿ ಉದುರಿತು.

ಅತ್ತೆ ಉದುರಿದ ತುಕ್ಕನ್ನು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ, “ಎಲ್ಲಾ ತೆಗ್ದಾಕಪ್ಪ” ಎಂದು ತಮ್ಮ ಕೋಣೆಗೆ ಹೋದರು.

ಹೊಸ ಪೈಪು ಬಂತು, ಗೋಡೆ ಒಣಗಿತು, ಬಣ್ಣವೂ ಆಯಿತು. ಯಾವ ನಲ್ಲಿಯೂ ತೊಟ್ಟಿಕ್ಕಲಿಲ್ಲ. ಅತ್ತೆ ಮಾತ್ರ ಮಂಕಾದರು. ಕೆಲಸ ತಪ್ಪಿದ್ದಕ್ಕೆ ಬೇಜಾರೆಂದು ನಾವು ಒಳಗೊಳಗೇ ನಕ್ಕೆವು. ಒಂದು ಬೆಳಿಗ್ಗೆ ಮಹಡಿಯ ನಮ್ಮ ಕೋಣೆಯಿಂದ ಇಳಿದು ಬರುತ್ತೇನೆ, ಅತ್ತೆ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತಿದ್ದಾರೆ. ಏನಾಯಿತು ಎಂದು ಗಾಬರಿಯಿಂದ ಕೇಳಿದೆ.

“ಏನಿಲ್ಲ ಕಣೇ,” ಎಂದರು. “ನೀನು ಮೇಲೆ ನಲ್ಲಿ ತಿರುಗಿಸಿದ್ರೆ ನನ್ನ ತಲೆ ಹತ್ರ ಗೋಡೇಲಿ ಹಳೇ ಪೈಪು ಗಡಗಡ ಅನ್ನೋದು. ಹುಡುಗಿ ಎದ್ದವ್ಳೆ, ಚೆನ್ನಾಗವ್ಳೆ ಅಂತ ಆಮೇಲೆ ನಾನು ಏಳ್ತಿದ್ದೆ. ಈ ಪೈಪಲ್ಲಿ ಏನೂ ಕೇಳ್ಸಲ್ಲ. ಅದಕ್ಕೇ ಇಲ್ಲಿ ಬಂದು ಕೂತ್ಕಂತೀನಿ.”

ಮೆಟ್ಟಿಲು ತಣ್ಣಗಿದೆ, ಏಳಿ ಅತ್ತೆ ಎಂದಷ್ಟೇ ಹೇಳಿ ಕೈ ಕೊಟ್ಟೆ.

ಅವತ್ತಿನಿಂದ ನಾನು ಎದ್ದ ಕೂಡಲೇ ಕೆಳಗಿಳಿದು, ಅತ್ತೆಯ ಕೋಣೆಯ ಬಾಗಿಲ ಪಕ್ಕದ ಬೇಸಿನ್ನಿನಲ್ಲಿ ಮುಖ ತೊಳೆಯುತ್ತೇನೆ. ಮೇಲೆಯೇ ಬಿಸಿನೀರು ಬರುವಾಗ ಕೆಳಗೆ ಯಾಕೆ ಹೋಗುತ್ತೀಯ ಎಂದು ಗಂಡ ಕೇಳುತ್ತಾರೆ. ಕೆಳಗಿನ ನೀರು ಚೆನ್ನಾಗಿದೆ ಎಂದಿದ್ದೇನೆ.