ಗ್ರಾಫಿಕ್ಸ್ ಕಾರ್ಡ್ ಅತ್ತದ್ದು

ತೊಕ್ಕೊಟ್ಟಿನ ನಿಝಾರ್ ತನ್ನ ಕಂಪ್ಯೂಟರ್ ಅಂಗಡಿಯಿಂದ ಪರೀಕ್ಷೆಗೆಂದು ಕೊಟ್ಟ ಗ್ರಾಫಿಕ್ಸ್ ಕಾರ್ಡ್ ಮಧ್ಯಾಹ್ನ ಊಟದ ಹೊತ್ತಿಗೆ ಅಳತೊಡಗಿತು. ರೂಪೇಶನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ರೂಪೇಶ ಶಕ್ತಿನಗರದ ಬಾಡಿಗೆ ಮನೆಯಲ್ಲಿ ಕೂತು, ಗೇಮ್ ಆಡುವವರಿಗೆ ಯಾವ ಕಾರ್ಡ್ ಎಷ್ಟು ವೇಗ ಎಂದು ಯೂಟ್ಯೂಬಿನಲ್ಲಿ ಹೇಳುವವನು. ಇದು ಹೊಸ ಮಾಡೆಲ್. ಊರಿಗೆಲ್ಲ ಮೊದಲು ತಾನೇ ಹೇಳಬೇಕೆಂಬ ಆತುರ. ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ವೇಗ ಅಳೆದು ಅಂಕ ಕೊಡುವ ಬೆಂಚ್‌ಮಾರ್ಕ್ ಶುರುಮಾಡಿದ. ಪರದೆಯ ಮೇಲೆ ಮಂಜು ಕವಿದ ಕಾಡು, ಪಾಳುಕೋಟೆ ಸರಿದುಹೋದವು. ಅಂಕ ಏರಿತು. ಅದರ ಜೊತೆಗೇ ಡಬ್ಬಿಯೊಳಗೆ ಯಾರೋ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದಂತಾಯಿತು. ಹೊರಗೆ ಕೂಗುತ್ತಿದ್ದ ಕಾಗೆಯೂ ಸುಮ್ಮನಾಯಿತು.

ತಾಯಿ ದೇಯಿ ಸೌಟು ಹಿಡಿದೇ ಬಂದರು. "ಯಾರು ಮಾರಾಯ ಅಳುವುದು?"

"ಕಾರ್ಡ್, ಅಮ್ಮ."

"ಕಾರ್ಡಿಗೆ ಎಂತ ದುಃಖ?"

ಅಷ್ಟರಲ್ಲಿ ಮಹಡಿಯಿಂದ ಮನೆ ಓನರ್ ಗುಣವತಿಯಕ್ಕ ಇಳಿದರು. ಪಕ್ಕದ ಮನೆಯ ಗ್ಲೆನಿಟಾ ಟೀಚರ್ ಜಪಸರ ಹಿಡಿದು ಓಡಿಬಂದರು. ದನಿ ಕೇಳಿದ್ದೇ ಗುಣವತಿಯಕ್ಕನ ಮುಖ ನೀರಿಗೆ ಬಿದ್ದ ಹಪ್ಪಳದಂತಾಯಿತು.

"ಇದು ಸತ್ತವರ ಕುಲೆ, ಪ್ರೇತ. ಸಂಜೆಯೊಳಗೆ ಅದು ಹೋಗಬೇಕು. ಇಲ್ಲದಿದ್ದರೆ ನೀವು ಮನೆ ಖಾಲಿ ಮಾಡಿ."

ರೂಪೇಶನಿಗೂ ಹೆದರಿಕೆಯಾಗಿತ್ತು. ಆದರೆ ಮನೆಯ ಪ್ರಶ್ನೆ.

"ಕುಲೆಯೂ ಇಲ್ಲ, ಎಂತದೂ ಇಲ್ಲ ಅಕ್ಕ. ಒಳಗೆ ತಂತಿ ಸುರುಳಿ ಉಂಟು. ಜಾಸ್ತಿ ಕರೆಂಟ್ ಹರಿದರೆ ನಡುಗಿ ಶಬ್ದ ಮಾಡ್ತದೆ. ನೋಡಿ, ವೇಗ ಕಡಿಮೆ ಮಾಡ್ತೇನೆ."

ವೇಗ ಇಳಿಸಿದ, ಅಳು ನಿಂತಿತು. ಏರಿಸಿದ; ಮತ್ತೆ ಅತ್ತಿತು. ಗ್ಲೆನಿಟಾ ಟೀಚರ್ ತಾವೇ ಮೌಸ್ ಹಿಡಿದು ಅದನ್ನು ಎರಡು ಸಲ ಅಳಿಸಿ ನೋಡಿ, "ನಮ್ಮ ಮಿಕ್ಸಿಯದ್ದೂ ಇದೇ ಕಾಯಿಲೆ" ಎಂದರು. ಗುಣವತಿಯಕ್ಕ ನಕ್ಕರು. ಎಲ್ಲರೂ ಚಾ ಕುಡಿದು ಹೋದರು. ರೂಪೇಶ, "ಇಷ್ಟು ವೇಗದ ಕಾರ್ಡ್ ನಾನು ನೋಡಿಯೇ ಇಲ್ಲ, ಧೈರ್ಯದಲ್ಲಿ ತಕ್ಕೊಳ್ಳಿ" ಎಂದು ವಿಡಿಯೋ ಹಾಕಿಯೇಬಿಟ್ಟ.

ಆಮೇಲೆ ನಿಝಾರ್‌ನ ಫೋನ್ ಬಂತು.

"ರೂಪೇಶಣ್ಣ, ಸಾರಿ. ಬಾಕ್ಸ್ ಅದಲುಬದಲು ಆಗಿದೆ. ನಿಮ್ಮ ಕಾರ್ಡ್ ಇಲ್ಲೇ ಉಂಟು. ನೀವು ಕೊಂಡುಹೋದದ್ದು ಶೋಕೇಸಿನ ಡಮ್ಮಿ. ಬರೀ ಹೊರಗಿನ ಚಿಪ್ಪು, ಒಳಗೆ ಎಂತ ಸಹ ಇಲ್ಲ."

ರೂಪೇಶ ಕಂಪ್ಯೂಟರ್ ಆರಿಸಿ, ಕಾರ್ಡ್ ಕಳಚಿ, ಸ್ಕ್ರೂ ಬಿಚ್ಚಿದ. ತಂತಿಯಿಲ್ಲ, ಸುರುಳಿಯಿಲ್ಲ. ಖಾಲಿ ಪ್ಲಾಸ್ಟಿಕ್. ಅಂಗೈಯಲ್ಲಿದ್ದ ಆ ಖಾಲಿ ಪ್ಲಾಸ್ಟಿಕ್ ಮೆಲ್ಲಗೆ ಬಿಕ್ಕಿತು.

ಅದನ್ನು ಹಿಡಿದುಕೊಂಡೇ ಅವನು ಮೆಟ್ಟಿಲ ಬುಡಕ್ಕೆ ಓಡಿದ.

"ಗುಣವತಿಯಕ್ಕ, ಸ್ವಲ್ಪ ಕೆಳಗೆ ಬನ್ನಿ. ಇದು ಕರೆಂಟ್ ಇಲ್ಲದೆ ಅಳ್ತಾ ಉಂಟು."

ಮೇಲಿನಿಂದ ಆಕಳಿಕೆಯೊಂದು ಕೇಳಿಸಿತು.

"ವೇಗ ಕಡಿಮೆ ಮಾಡು ಮಾರಾಯ. ನಾನು ಮಲಗಿದ್ದೇನೆ."