ಲಾಳಿ ಅನ್ನೋ ಬೆಕ್ಕು, ಗಾಳ್ಯಾಗ ನೇಯ್ದ ಸೀರಿ

ಮುಳುಗಡಿಯಾಗಿ ಹೋದ ಹಳೇ ಬಾಗಲಕೋಟಿಯೊಳಗ, ಒಂದು ದೊಡ್ಡ ಮನಿಯ ತೊಲಿ ಮ್ಯಾಲಿಂದ ಹುಲಿಯಂಥಾ ಗಂಡುಬೆಕ್ಕನ್ನ ಬರೇ "ಬಾ" ಅನ್ನೋ ಒಂದ ಮಾತಿನ್ಯಾಗ ಇಳಿಸಿದಾಂವ ನಾನು. ಸೀರಿ ಗಂಟು ಹೊತಗೊಂಡು ಆ ಓಣಿಗೆ ಹೋಗಿದ್ದೆ. ಮನಿ ಖಾಲಿ ಮಾಡಾಕತ್ತಿದ್ರು, ಬೆಕ್ಕು ತೊಲಿ ಬಿಟ್ಟು ಇಳೀವಲ್ದು. ಇಪ್ಪತ್ತು ಮಂದಿ ಕೆಳಗ ಬಾಯಿ ತಕ್ಕೊಂಡು ನಿಂತಿದ್ರು. ನಾ ಕಣ್ಣಾಗ ಕಣ್ಣಿಟ್ಟು ನೋಡಿ "ಬಾ" ಅಂದೆ. ಬಂತು. ನನ್ನ ಹೆಗಲ ಮ್ಯಾಲ ಕುಂತು ಮುಳುಗಡಿ ಮಂದಿಗೆ ಕಟ್ಟಿದ ನವನಗರದ ತನಕಾ ಬಂತು. ಆ ಮನಿ ಯಜಮಾನಿ ಖುಷಿಯಾಗಿ ನನಗ ರೇಷ್ಮಿ ರುಮಾಲು ಕೊಟ್ಳು. ಈಗ ಆ ಮನಿ ಹಿನ್ನೀರಿನ ಬುಡಕ ಐತಿ. ಯಜಮಾನಿ ಇಲ್ಲ, ಬೆಕ್ಕೂ ಇಲ್ಲ. ಸುಳ್ಳು ಅನ್ನಾವ್ರು ಒಂದು ಮುಳುಗು ಹಾಕಿ ಮೀನಾ ಕೇಳಿ ಬರ್ರಿ.

ನಮ್ಮದು ಇಳಕಲ್ಲಿನ ನೇಕಾರರ ಮನಿ. ನೂಲಿಗೆ ಹಚ್ಚೋ ಗಂಜಿ ಅಂದ್ರ ಇಲಿಗೆ ಹಬ್ಬದ ಊಟ. ಹಂಗಾಗಿ ಮಗ್ಗ ಇದ್ದಲ್ಲಿ ಬೆಕ್ಕು ಇರಬೇಕು, ಬೆಕ್ಕು ಇದ್ದಲ್ಲಿ ಮರಿ ಆಗಬೇಕು, ಮರಿ ಆದ್ರ ಯಾರಿಗ್ಯರೆ ಕೊಡಬೇಕು. ಕೊಟ್ಟ ಮ್ಯಾಲ ಬೆಕ್ಕು ಉಣ್ಣವಲ್ದು, ಮೂಲಿ ಬಿಟ್ಟು ಬರವಲ್ದು ಅಂತ ಹೇಳಿಕಿ ಬರಬೇಕು. ಒಂದು ಮುಗೀತು ಅನ್ನೂದ್ರಾಗ ಇನ್ನೊಂದು. ನನ್ನ ಬಾಳೇನ ಹಿಂಗ ನಡದೈತಿ.

೧. ಹುನಗುಂದದ ದಾರಿ

ಹುನಗುಂದದ ಕಿರಾಣಿ ಅಂಗಡಿಯಾಂವ ಒಂದು ಬೆಕ್ಕು ಬೇಕಂದ. "ಕೊಡ್ತೀನಿ, ಆದ್ರ ಅದು ಹೊಳ್ಳಿ ಬರಲಾರ್ದಂಗ ಒಯ್ಯೂದು ನನ್ನ ವಿದ್ಯಾ" ಅಂದೆ. ಬೆಕ್ಕನ್ನ ಚೀಲದಾಗ ಹಾಕಬೇಕು, ಕೂಡುದಾರಿ ಬಂದಾಗೆಲ್ಲಾ ಚೀಲ ಮೂರು ಸುತ್ತು ತಿರುಗಿಸಬೇಕು. ಬೆಕ್ಕಿಗೆ ದಿಕ್ಕು ತಪ್ಪಿ ಬಂದ ದಾರಿ ಮರೀತೈತಿ. ಇದು ನಮ್ಮಜ್ಜನ ಕಾಲದ ಪದ್ಧತಿ.

ಚೀಲ ಒಂದ ತಿರುಗಿಸಿದ್ರ ಕೈ ಉಳುಕತೈತಿ. ಅದಕ್ಕ ಚೀಲ ಎದಿಗೆ ಅವಚಿಕೊಂಡು ನಾನ ತಿರುಗಿದೆ. ಇಳಕಲ್ಲ ಬಸ್‌ಸ್ಟ್ಯಾಂಡಿನ್ಯಾಗ ಮೂರು ಸುತ್ತು, ಹುನಗುಂದದಾಗ ಇಳಿದು ಮೂರು ಸುತ್ತು, ಪ್ಯಾಟಿ ಮೂಲಿಗೆ ಮೂರು ಸುತ್ತು. ಕಂಡಕ್ಟರ್ ಅಂತೂ "ಅಜ್ಜಾರ, ಮೈಯಾಗ ದೇವರು ಬಂದಾವೇನ್ರಿ?" ಅಂದ.

ಬೆಕ್ಕನ್ನ ಅಂಗಡ್ಯಾಗ ಬಿಟ್ಟು, ಚಾ ಕುಡದು, ಬಸ್ ಹತ್ತಿ ಕುಂತೆ. ಎಷ್ಟೊತ್ತಾದ್ರೂ ಇಳಕಲ್ಲ ಬರವಲ್ದು. ಮನಿಯಿಂದ ಫೋನ್ ಬಂತು. "ಎಲ್ಲಿದ್ದೀರಿ? ಬೆಕ್ಕು ಆಗಳೇ ಬಂದು ಮಗ್ಗದ ಮ್ಯಾಲ ಮಲಗೇತಿ."

ನಾ ಉಲ್ಟಾ ದಿಕ್ಕಿನ ಕಮತಗಿಯೊಳಗ ಇದ್ದೆ.

೨. ಬಾದಾಮಿಯ ಕ್ವಾಣಿ

ಬಾದಾಮಿಗೆ ಕೊಟ್ಟ ಬೆಕ್ಕಿಂದು ಬ್ಯಾರೆ ಕತಿ. ಆ ಮನಿಯಾವ್ರು ಓಣಿ ಮಂದಿನೆಲ್ಲಾ ಕರದು ಬೆಕ್ಕು ತೋರಿಸಿದ್ರು. ಅದು ಅಂಜಿ ಅಕ್ಕಿ ಡಬ್ಬಿ ಹಿಂದ ಸೇರಿತು. ನಾ ಫೋನಿನ್ಯಾಗ ಹೇಳಿದೆ: "ಹೊಸ ಸೊಸಿನ್ನ ನೋಡಾಕ ಬಂದಂಗ ಬರಬ್ಯಾಡ್ರಿ. ಒಂದ ಕ್ವಾಣ್ಯಾಗ ಬಿಡ್ರಿ. ಹಾಲು ಇಡ್ರಿ, ಬಾಗಲಾ ಮುಚ್ರಿ, ಎರಡು ದಿನ ಯಾರೂ ಇಣುಕಬ್ಯಾಡ್ರಿ. ತಾನ ಹೊಂದಿಕೋತೈತಿ."

ಅವ್ರು ಖರೇನ ಹಂಗ ಮಾಡಿದ್ರು. ಕೈ ಒಂದ ಒಳಗ ಹಾಕಿ ಹಾಲು, ರೊಟ್ಟಿ ಇಡೂದು, ಕದ ಮುಚ್ಚೂದು. "ಬಟ್ಟಲಾ ತೊಳದಿಟ್ಟಂಗ ಖಾಲಿ ಆಗತೈತ್ರಿ, ನಿಮ್ಮ ಮಾತು ಅಂದ್ರ ಮಾತು!" ಅಂತ ದಿನಾ ಹೊಗಳಿದ್ರು. ಮೂರನೇ ದಿನ ಕದ ತೆಗದ್ರ, ಹಾಸಿಗಿ ಮ್ಯಾಲ ದಿಂಬಿಗೆ ಆನಿಕೊಂಡು ಒಂದು ಮಂಗ್ಯಾ ಕುಂತಿತ್ತು. ಬಾದಾಮ್ಯಾಗ ಮಂಗ್ಯಾಗೋಳಿಗೆ ಏನು ಕಡಿಮಿ? ಕಿಡಕಿಯೊಳಗಿಂದ ಅದು ಬಂದಿತ್ತು, ಅದ ಕಿಡಕಿಯೊಳಗಿಂದ ಬೆಕ್ಕು ಹೋಗಿತ್ತು.

ಉಪಾಯದಾಗ ಏನೂ ತಪ್ಪಿಲ್ರಿ. ಮಂಗ್ಯಾ ಆ ಮನಿಗೆ ಇವತ್ತಿಗೂ ಹೊಂದಿಕೊಂಡೈತಿ.

೩. ನವನಗರದ ಉಪವಾಸ

ಈ ವರ್ಷದ್ದು ಮಾತ್ರ ನಗಲಾರದ ಮಾತಿನಿಂದ ಸುರುವಾತು. ಇಳಕಲ್ಲಿನ್ಯಾಗ ನಮ್ಮ ಪಕ್ಕದ ಮನಿ ದೋಸ್ತ, ನೇಕಾರ, ತೀರಿಕೊಂಡ. ಅವನ ಹೆಂಡತಿಗೆ ನಾ ವೈನಿ ಅಂತೇನಿ. ಅವರನ್ನ ಮಗಳು ಬಾಗಲಕೋಟಿ ನವನಗರಕ್ಕ ಕರಕೊಂಡು ಹೋದ್ಳು. ಮಗಳು ಸಾಲಿ ಟೀಚರ್. ಮಗ್ಗ ಬಿಚ್ಚಿದ್ರು, ಮಗ್ಗದ ಕುಣಿಗೆ ಮಣ್ಣು ತುಂಬಿದ್ರು. ವೈನಿ ಜೋಡಿ ಹೋಗಿದ್ದು ಒಂದು ಟ್ರಂಕು ಮತ್ತ ಅವರ ಬೆಕ್ಕು. ಮಗ್ಗದಾಗ ಆ ಕಡಿಂದ ಈ ಕಡಿಗೆ ಓಡತೈತಲ್ಲ, ಲಾಳಿ, ಹಂಗ ಓಡ್ಯಾಡತಿತ್ತು ಅಂತ ನಮ್ಮ ದೋಸ್ತ ಅದಕ್ಕ ಲಾಳಿ ಅಂತನ ಹೆಸರಿಟ್ಟಿದ್ದ.

ಟೀಚರ್ ಫೋನ್ ಮಾಡಿದ್ಳು. "ಕಾಕಾ, ಲಾಳಿ ಮಂಚದ ಬುಡಕ ಸೇರೇತಿ. ಮೂರು ದಿನ ಆತು, ಏನೂ ತಿಂದಿಲ್ಲ. ದನದ ಡಾಕ್ಟರು ನೋಡಿದ್ರು. ಜಡ್ಡೇನಿಲ್ಲ, ಹೊಸಾ ಜಾಗಾಕ್ಕ ಅಂಜೇತಿ ಅಂದ್ರು."

"ಅಂಜಿಕಿ ಹೋದ್ರ ತಿಂತೈತಿ ಬಿಡವಾ."

"ಬೆಕ್ಕಿಂದು ಹೋಗ್ಲಿ ಕಾಕಾ. ಅದು ಉಣ್ಣೋತನಕ ನಾನೂ ಉಣ್ಣಂಗಿಲ್ಲ ಅಂತ ಅವ್ವ ಕುಂತಾಳ. ನಿನ್ನಿಯಿಂದ ಬರೇ ಚಾ. ಬಿ.ಪಿ. ಗುಳಿಗಿ ಖಾಲಿ ಹೊಟ್ಟ್ಯಾಗ ಹೆಂಗ ಕೊಡ್ಲಿ?"

ನಮ್ಮ ಮಗ್ಗದ ಬುಡಕ ಹಾಸಿದ್ದ ಗಂಜಿ ನಾತದ ಒಂದು ಹಳೇ ಅರಿವಿ ಕೈಚೀಲದಾಗ ಹಾಕ್ಕೊಂಡು ಮೊದಲ ಬಸ್ಸಿಗೆ ಹೊಂಟೆ.

ವೈನಿ ಗ್ವಾಡಿಗೆ ಆನಿಕೊಂಡು ಕುಂತಿದ್ರು. ಮುಖ ಇಳಿದು ಹೋಗಿತ್ತು. ಧೈರ್ಯ ಬರಲಿ ಅಂತ ಹೋದ ಕೂಡಲೇ ಹಳೇ ಬಾಗಲಕೋಟಿ ತೊಲಿ, ಹುಲಿಯಂಥಾ ಬೆಕ್ಕು, ರೇಷ್ಮಿ ರುಮಾಲು ಎಲ್ಲಾ ಹೇಳಿದೆ. ವೈನಿ ಕೊನಿತನಕಾ ನನ್ನ ಮುಖಾನ ನೋಡಿದ್ರು.

"ನೋಡವಾ, ಎಷ್ಟು ನಂಬಿಗಿ!" ಅಂದೆ ಟೀಚರ್‌ಗೆ.

೪. ಒಲಿ ಸುತ್ತಿಸಿದ್ದು

ಹೊಸ ಮನಿಗೆ ಬಂದ ಬೆಕ್ಕನ್ನ ಒಲಿ ಸುತ್ತ ಮೂರು ಸುತ್ತು ತಿರುಗಿಸಬೇಕು. ಒಲಿ ಕಂಡ ಬೆಕ್ಕು ಮನಿ ಬಿಡಂಗಿಲ್ಲ. ಆದ್ರ ನವನಗರದ ಮನ್ಯಾಗ ಗ್ಯಾಸ್ ಒಲಿ ಕಟ್ಟಿ ಮ್ಯಾಲ, ಕಟ್ಟಿ ಗ್ವಾಡಿಗೆ ಹತ್ತಿ. ಸುತ್ತೂದು ಎಲ್ಲಿಂದ? ಅದರ ಮ್ಯಾಲ ಲಾಳಿ ಮಂಚದ ಬುಡಕಿಂದ ಬರವಲ್ದು, ಕೈ ಹಾಕಿದ್ರ ಬುಸ್ ಅಂತೈತಿ.

ನಾ ಸಾಲಿ ಕಲಿತಾಂವ ಅಲ್ಲ, ಆದ್ರ ತಲಿ ಐತಿ. "ಬೆಕ್ಕು ಒಲಿ ಸುತ್ತಿದ್ರೇನು, ಒಲಿ ಬೆಕ್ಕು ಸುತ್ತಿದ್ರೇನು? ಲೆಕ್ಕ ಎರಡೂ ಒಂದ" ಅಂದೆ.

ಮಂಚ ಸಾವಕಾಶ ನಡುಮನ್ಯಾಗ ಎಳದ್ವಿ. ಗ್ಯಾಸ್ ಬಿಚ್ಚಿದ್ವಿ. ಟೀಚರ್ ಒಲಿ ತಲಿ ಮ್ಯಾಲ ಹೊತಗೊಂಡು ಮುಂದ, ನಾ ಸಿಲಿಂಡರ್ ಉರುಳಿಸಿಕೋತ ಹಿಂದ. ಬೆಂಕಿ ಇರೂದು ಸಿಲಿಂಡರಿನ್ಯಾಗ, ಬರೇ ಒಲಿ ಸುತ್ತಿದ್ರ ಏನು ಬಂತು? ವೈನಿ ಕುಂತಲ್ಲಿಂದ ಎಣಸಾಕತ್ತಿದ್ರು. "ಎರಡು ಸುತ್ತು ಆತು" ಅನ್ನೂದಕ್ಕೂ ಟೀಚರ್ ಗಂಡ, ಅಂದ್ರ ಅಳಿಯಂದಿರು, ಆಫೀಸಿನಿಂದ ಊಟಕ್ಕ ಬಂದು ಬಾಗಲದಾಗ ನಿಲ್ಲೂದಕ್ಕೂ ಸರಿಹೋತು.

"ಮನಿ ಖಾಲಿ ಮಾಡಾಕತ್ತೀರೇನು?" ಅಂದ್ರು.

"ಇಲ್ರಿ, ಬೆಕ್ಕನ್ನ ಮನಿಗೆ ಹೊಂದಸಾಕತ್ತೀವಿ" ಅಂದ್ಳು ಟೀಚರ್, ಒಲಿ ಹೊತಗೊಂಡ.

"ಹಂಗಾರ ಆರು ವರ್ಷದ ಹಿಂದ ಲಗ್ನದಾಗ ನನ್ನ ಸುತ್ತ ಏನೂ ತಿರುಗಿಸಲಿಲ್ಲಲ್ಲ?"

ಮೂರೂ ಸುತ್ತು ಮುಗದ್ವು, ಲಾಳಿ ಹೊರಗ ಬರಲಿಲ್ಲ. ಗ್ಯಾಸ್ ಹೊಳ್ಳಿ ಹಚ್ಚಾಕ ಹೋದ್ರ ರೆಗ್ಯುಲೇಟರ್ ಕೂಡಲಿಲ್ಲ. ನಾ ಬರೂಕಿಂತ ಮೊದಲ ಆ ಮನ್ಯಾಗ ಉಪವಾಸ ಇದ್ದವ್ರು ಇಬ್ಬರು. ನಾ ಬಂದ ಮ್ಯಾಲ ಐದೂ ಮಂದಿ.

೫. ಗಾಳ್ಯಾಗ ನೇಯ್ದ ಸೀರಿ

ಅಳಿಯಂದಿರು ಖಾನಾವಳಿಯಿಂದ ರೊಟ್ಟಿ, ಪಲ್ಯಾ ತಂದ್ರು. ವೈನಿ ತಾಟು ಆಚಿ ಸರಿಸಿದ್ರು. "ಆ ಬೆಕ್ಕು ಅವರ ಕಾಲಾಗ ಮಲಗಿ ಬೆಳದದ್ದು. ಅದು ಹೋತಂದ್ರ ನನ್ನ ಹತ್ರ ಏನು ಉಳೀತು?" ಅಂದ್ರು. ನಾವೂ ತಾಟು ಸರಿಸಿದ್ವಿ.

ಕಾಲಾಗ ಅಂದದ್ದಕ್ಕ ನನಗ ಹೊಳೀತು. ನಮ್ಮದು ಕುಣಿಮಗ್ಗ. ನೆಲದಾಗ ಕುಣಿ ತಗದು, ಅದರಾಗ ಕಾಲು ಇಳಿಬಿಟ್ಟು, ಹಲಗಿ ತುಳಕೋತ ನೇಯೂದು. ಲಾಳಿ ಮಲಗೂದು ಆ ಕುಣ್ಯಾಗ. ಹುಟ್ಟಿದಾಗಿಂದ ಖಟ್-ಖಟಾ ಅನ್ನೋ ಸಪ್ಪಳದಾಗ ನಿದ್ದಿ ಮಾಡಿದ ಬೆಕ್ಕು. ಈ ಮನ್ಯಾಗ ಕುಣಿ ಇಲ್ಲ, ಸಪ್ಪಳ ಇಲ್ಲ, ಥಳಥಳ ಫರಶಿ. ಅಂಜದ ಏನು ಮಾಡೀತು?

ಟಿ.ವಿ. ಬಂದಿದ್ದ ರಟ್ಟಿನ ಡಬ್ಬಿ ಅಟ್ಟದ ಮ್ಯಾಲಿತ್ತು. ಅದನ್ನ ಇಳಿಸಿ, ಗಂಜಿ ನಾತದ ಅರಿವಿ ಹಾಸಿ, ಸ್ಟೂಲ್ ಮ್ಯಾಲ ಕುಂತು ಎರಡೂ ಕಾಲು ಡಬ್ಬಿಯೊಳಗ ಇಟ್ಟೆ. ಕಾಲು ತುಳಿಯಾಕತ್ತಿದೆ, ಕೈ ಎಡಕ್ಕ ಬಲಕ್ಕ ಆಡಿಸಾಕತ್ತಿದೆ, ಬಾಯಿಲೆ ಖಟ್-ಖಟಾ, ಖಟ್-ಖಟಾ.

ಸ್ವಲ್ಪ ಹೊತ್ತಿಗೆ ವೈನಿ ಬಾಯಿ ಬಿಟ್ರು. "ಇದು ಪವರ್‌ಲೂಮಿನ ಸಪ್ಪಳ. ಕೈಮಗ್ಗ ಹಿಂಗ ಓಡತೈತೇನು? ಸಾವಕಾಶ."

ಸಾವಕಾಶ ನೇಯ್ದೆ.

"ಎಳಿ ಹರೀತು ನೋಡು. ಗಂಟು ಹಾಕು."

ಗಾಳ್ಯಾಗ ಎಳಿ ಹುಡುಕಿ ಗಂಟು ಹಾಕಿದೆ. ಅಳಿಯಂದಿರು ಕಿಡಕಿ ಮುಚ್ಚಿದ್ರು, ಓಣಿ ಮಂದಿ ನೋಡ್ಯಾರು ಅಂತ.

"ಲಾಳಿ ಎಡಕ್ಕ ಹೋತು, ಹೊಳ್ಳಿ ಬರಲೇ ಇಲ್ಲ. ಸೀರಿ ಹೆಂಗ ಆಗತೈತಿ?" ಅಂದ್ರು ವೈನಿ. ಮುಖದಾಗ ಸಣ್ಣ ನಗಿ ಇತ್ತು.

"ಬರತೈತಿ ತಡೀರಿ" ಅಂದು ಕೈ ಬೀಸಿದೆ.

"ಬಂತು! ಲಾಳಿ ಬಂತು!" ಅಂತ ಟೀಚರ್ ಒದರಿದ್ಳು.

"ಬರಲೇಬೇಕು, ಐವತ್ತು ವರ್ಷದ ಕೈ ಇದು" ಅಂದೆ. ಕೆಳಗ ನೋಡಿದ್ರ ಮಂಚದ ಬುಡಕಿಂದ ಖರೇ ಲಾಳಿ ಬಂದು ಡಬ್ಬಿಯೊಳಗ ಇಳಿದು, ಅರಿವಿ ಮೂಸಿ, ನನ್ನ ಪಾದದ ಮ್ಯಾಲ ಕುಂತಿತ್ತು. ವೈನಿ ಹಾಲಾಗ ರೊಟ್ಟಿ ಮುರದು ಹಾಕಿ ಮುಂದಿಟ್ರು. ಲಾಳಿ ನೆಕ್ಕಿತು. ಆಮ್ಯಾಲ ತಿಂತು. ವೈನಿ ಕಣ್ಣು ಒರಸಿಕೊಂಡು ತಾಟು ಎಳಕೊಂಡ್ರು. ನಾ ಕಾಲು ನಿಲ್ಲಿಸಿದ್ರ ಬೆಕ್ಕು ತಲಿ ಎತ್ತತೈತಿ, ಬೆಕ್ಕು ತಲಿ ಎತ್ತಿದ್ರ ವೈನಿ ತುತ್ತು ನಿಲ್ಲಿಸ್ತಾರ. ಹಂಗಾಗಿ ಅವ್ರು ಎರಡು ರೊಟ್ಟಿ ಉಣ್ಣೂದ್ರಾಗ ನಾ ಒಂದು ಪೂರ್ತಿ ಸೀರಿ ನೇಯ್ದು ಸೆರಗಿಗೆ ಬಂದಿದ್ದೆ.

ಗುಳಿಗಿ ನುಂಗಿ ಆತು. ನಾ ತುಳಕೋತನ ಅಂದೆ, "ನೋಡಿದ್ರೆಲ್ಲ? ತೊಲಿ ಮ್ಯಾಲಿನ ಹುಲಿಯನ್ನ ಇಳಿಸಿದ ಮನಶ್ಯಾಗ ಇದು ಯಾವ ಲೆಕ್ಕ?"

ವೈನಿ ನೀರಿನ ಚರಗಿ ಕೆಳಗಿಟ್ರು. "ಆ ಮನಿಗೆ ಹಸರು ಬಾಗಲಾ ಇತ್ತಲ್ಲ? ಎದುರಿಗೆ ಬೇವಿನ ಗಿಡ?"

"ಹೌದು. ನಿಮಗ ಹೆಂಗ ಗೊತ್ತು?"

"ನನ್ನ ತವರಮನಿ ಅದು. ನಾವಿನ್ನೂ ಇಳಕಲ್ಲಿಗೆ ಬಂದಿರಲಿಲ್ಲ. ಇಕಿನ್ನ ಹಡದು ಒಳಗ ಕ್ವಾಣ್ಯಾಗ ಬಾಣಂತಿ ಇದ್ದೆ. ಕಿಂಡ್ಯಾಗಿಂದ ಎಲ್ಲಾ ನೋಡೇನಿ. ನಮ್ಮವ್ವ ಹಾಲು ತೋರಿಸಿದ್ಳು, ಬೆಕ್ಕು ತಾನ ಇಳೀತು. ಅದನ್ನ ಹಿಡೀಲಿಕ್ಕೆ ತೊಲಿ ಹತ್ತಿದ್ದಾಂವ ಮಾತ್ರ ಏನು ತೋರಿಸಿದ್ರೂ ಇಳೀಲಿಲ್ಲ. ಇಪ್ಪತ್ತು ಮಂದಿ ಬಂದಿದ್ದು ಖರೆ. ನಿಚ್ಚಣಿಕಿ ತಂದು ನಿನ್ನ ಇಳಿಸಾಕ. ರುಮಾಲು ಕೊಟ್ಟಿದ್ದೂ ಖರೆ. ಬೆಕ್ಕು ಪರಚಿದಲ್ಲಿ ಕಟ್ಟಿಕೋ ಅಂತ."

ಟೀಚರ್ ನೆಲಕ್ಕ ಕುಂತು ನಗಾಕತ್ತಿದ್ಳು. "ಅವ್ವಾ, ಮುಂಜಾನೇನ ಯಾಕ ಹೇಳಲಿಲ್ಲ?"

"ಖಾಲಿ ಹೊಟ್ಟ್ಯಾಗ ನಗಾಕ ಆಗತಿರಲಿಲ್ಲವ್ವಾ" ಅಂದ್ರು ವೈನಿ.

ನಾ ಹೆಗಲು ಹಾರಿಸಿದೆ. ಪಾದದ ಮ್ಯಾಲ ಲಾಳಿಗೆ ನಿದ್ದಿ ಹತ್ತಿತ್ತು, ಹಂಗಾಗಿ ತುಳಿಯೂದು ಬಿಡಲಿಲ್ಲ.

"ಇರಲಿ ಬಿಡ್ರಿ ವೈನಿ. ತೊಲಿ ಖರೆ, ಬೆಕ್ಕು ಖರೆ, ಇಪ್ಪತ್ತು ಮಂದಿ ಖರೆ, ರುಮಾಲು ಖರೆ. ಮ್ಯಾಲ ಯಾರಿದ್ರು, ಕೆಳಗ ಯಾರಿದ್ರು ಅನ್ನೂದು ಒಂದ ಸ್ವಲ್ಪ ಹೆಚ್ಚುಕಡಿಮಿ ಆಗೇತಿ."